ನೆತ್ತಿಗೆ ಹತ್ತದ ಗುಟುಕು

ಊಟದ ನಡುವೆ ಮಾತಾಡಲು ಹೋಗಿ ನೀರು ನೆತ್ತಿಗೆ ಹತ್ತಿದರೆ ಏನಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕೆಮ್ಮು ಒತ್ತರಿಸಿ ಬರುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ, ಪಕ್ಕದಲ್ಲಿ ಕೂತವರು ತಲೆ ತಟ್ಟುತ್ತಾ ‘ಯಾರೋ ನೆನೆಸಿಕೊಂಡರು’ ಎನ್ನುತ್ತಾರೆ. ಅರ್ಧ ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ. ಆ ಅರ್ಧ ನಿಮಿಷದ ಗದ್ದಲವೇ ನಮ್ಮ ಶ್ವಾಸಕೋಶದ ಕಾವಲು. ಅನ್ನನಾಳಕ್ಕೆ ಹೋಗಬೇಕಾದ್ದು ದಾರಿ ತಪ್ಪಿ ಶ್ವಾಸನಾಳದ ಬಾಯಿಗೆ ಬಂದ ಕೂಡಲೇ ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಬಂದದ್ದನ್ನು ಕೆಮ್ಮು ಹೊರಗೆ ಚಿಮ್ಮಿಸುತ್ತದೆ.

ಈ ಗದ್ದಲವೇ ಆಗದೆ ಒಂದು ಗುಟುಕು ಸದ್ದಿಲ್ಲದೆ ಒಳಗಿಳಿದರೆ? ಮರುದಿನವೂ ಇಳಿದರೆ, ರಾತ್ರಿಯಿಡೀ ಹನಿಹನಿಯಾಗಿ ಇಳಿಯುತ್ತಲೇ ಇದ್ದರೆ? ಮುಪ್ಪಿನಲ್ಲಿ ನ್ಯುಮೋನಿಯಾ ಯಾಕೆ ಇಷ್ಟು ಜನರ ಜೀವ ತೆಗೆಯುತ್ತದೆ ಎಂಬ ಹಳೆಯ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಈ ಸದ್ದಿಲ್ಲದ ಗುಟುಕಿನಲ್ಲಿ ಅಡಗಿತ್ತು. ಅದನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಹತ್ತಿರಹತ್ತಿರ ನೂರು ವರ್ಷ ಹಿಡಿಯಿತು. ಕಂಡುಕೊಂಡವರಲ್ಲಿ ಶ್ವಾಸಕೋಶದ ವೈದ್ಯರಿದ್ದರು, ರೋಗಿಗಳಿಗೆ ಮಾತು ಮತ್ತು ನುಂಗುವಿಕೆಯ ಚಿಕಿತ್ಸೆ ಕೊಡುವ ತಜ್ಞೆಯೊಬ್ಬರಿದ್ದರು, ಹಲ್ಲಿನ ಡಾಕ್ಟರೊಬ್ಬರೂ ಇದ್ದರು.

ತಡವಾಗಿದ್ದಕ್ಕೆ ಒಂದು ಮುಖ್ಯ ಕಾರಣ, ಉತ್ತರ ಆಗಲೇ ಗೊತ್ತಿದೆ ಎಂದು ಎಲ್ಲರೂ ನಂಬಿದ್ದು. ‘ವಯಸ್ಸಾಯ್ತಲ್ಲ’ ಎಂಬುದೇ ಆ ಉತ್ತರ. ಆಸ್ಪತ್ರೆಯ ವಾರ್ಡಿನ ಹೊರಗೆ ಇವತ್ತೂ ಕೇಳುವ ಮಾತು ಅದು. ವೈದ್ಯರೂ ಇದನ್ನೇ ನಂಬಿದ್ದರು. ಕೆನಡಾದಲ್ಲಿ ಹುಟ್ಟಿ, ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಪಾಠ ಹೇಳಿದ ವಿಲಿಯಂ ಆಸ್ಲರ್ 1892ರಲ್ಲಿ ಬರೆದ ಪಠ್ಯಪುಸ್ತಕ ಒಂದು ತಲೆಮಾರಿನ ವೈದ್ಯರನ್ನೆಲ್ಲ ತಿದ್ದಿತು. ಅದರ ಮೊದಲ ಆವೃತ್ತಿಯಲ್ಲಿ ನ್ಯುಮೋನಿಯಾ ಮುದುಕರ ಶತ್ರುವಾಗಿತ್ತು. 1898ರ ಆವೃತ್ತಿಯ ಹೊತ್ತಿಗೆ ಅದೇ ಕಾಯಿಲೆ ಅವರ ಸ್ನೇಹಿತನಾಗಿ ಬದಲಾಗಿತ್ತು. ಹೆಚ್ಚು ನರಳಿಸದೆ, ಬೇಗ ಕರೆದೊಯ್ಯುವ ಸ್ನೇಹಿತ. ಆಸ್ಲರ್ 1919ರ ಡಿಸೆಂಬರಿನಲ್ಲಿ, ತಮ್ಮ 70ನೇ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ನ್ಯುಮೋನಿಯಾದ ತೊಡಕುಗಳಿಂದಲೇ ತೀರಿಕೊಂಡರು. ಅವರ ಮಾತಿನ ಹಿಂದೆ ಕರುಣೆಯಿತ್ತು, ನಿಜ. ಆದರೆ ಸ್ನೇಹಿತ ಎಂದು ಕರೆದಮೇಲೆ ಅವನನ್ನು ಬಾಗಿಲಲ್ಲೇ ತಡೆಯುವುದು ಹೇಗೆಂದು ಯಾರು ಯೋಚಿಸುತ್ತಾರೆ?

ಪೆನಿಸಿಲಿನ್ ಬಂದ ಮೇಲೆ ಇನ್ನೊಂದು ಬಗೆಯ ನಂಬಿಕೆ ಹುಟ್ಟಿತು: ನ್ಯುಮೋನಿಯಾದ ಕತೆ ಮುಗಿಯಿತು, ಇನ್ನು ಅದಕ್ಕೆ ಯಾರೂ ಸಾಯುವುದಿಲ್ಲ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ರಾಬರ್ಟ್ ಆಸ್ಟ್ರಿಯನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಕಿಂಗ್ಸ್ ಕೌಂಟಿ ಆಸ್ಪತ್ರೆಗೆ 1950ರ ದಶಕದ ಆರಂಭದಲ್ಲಿ ಅವರು ಬಂದಾಗ, ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಅಪರೂಪವಾಗಿದೆ ಎಂಬುದು ಅಲ್ಲಿನ ತಿಳಿವಳಿಕೆಯಾಗಿತ್ತು. ಆಸ್ಟ್ರಿಯನ್ ಕಫವನ್ನೂ ರಕ್ತವನ್ನೂ ಪ್ರಯೋಗಾಲಯದಲ್ಲಿ ಬೆಳೆಸಿ ನೋಡುತ್ತಾ ಹೋದರು. ಹತ್ತು ವರ್ಷದಲ್ಲಿ ಸಿಕ್ಕ ರೋಗಿಗಳ ಸಂಖ್ಯೆ ಸುಮಾರು 2,000. ಬ್ಯಾಕ್ಟೀರಿಯಾ ರಕ್ತಕ್ಕೂ ಸೇರಿದ್ದವರಲ್ಲಿ, ಪೆನಿಸಿಲಿನ್ ಕೊಟ್ಟ ಮೇಲೂ, ಸುಮಾರು ಆರರಲ್ಲಿ ಒಬ್ಬರು ಸಾಯುತ್ತಿದ್ದರು. ಜೆರೋಮ್ ಗೋಲ್ಡ್ ಜೊತೆ 1964ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಎಲ್ಲಕ್ಕಿಂತ ಎದೆ ನಡುಗಿಸುವ ಸಂಗತಿ ಬೇರೆಯಿತ್ತು. ಕಾಯಿಲೆಯ ಮೊದಲ ಐದು ದಿನಗಳಲ್ಲಿ ಸಾಯುವವರ ಪ್ರಮಾಣವನ್ನು ಪೆನಿಸಿಲಿನ್ ಹೆಚ್ಚುಕಮ್ಮಿ ಬದಲಿಸಿಯೇ ಇರಲಿಲ್ಲ. ಹಾಗೆ ಬೇಗ ಹೋಗುವವರು ಯಾರು ಎಂದು ನೋಡಿದರೆ, ಐವತ್ತು ದಾಟಿದವರು, ಹೃದಯವೋ ಶ್ವಾಸಕೋಶವೋ ಮೊದಲೇ ಸೋತವರು. ಅವರಿಗೆ ಔಷಧಿ ತಲುಪುವ ಹೊತ್ತಿಗೆ ಒಳಗಿನ ಹಾನಿ ಆಗಿಹೋಗಿರುತ್ತಿತ್ತು. ಬಂದ ಮೇಲೆ ವಾಸಿ ಮಾಡಲು ಆಗದಿದ್ದರೆ ಬರದಂತೆ ತಡೆಯಬೇಕು ಎಂದು ಹಠ ಹಿಡಿದ ಆಸ್ಟ್ರಿಯನ್, ಔಷಧ ಕಂಪನಿಗಳೇ ಕೈಬಿಟ್ಟಿದ್ದ ನ್ಯುಮೋಕಾಕಸ್ ಲಸಿಕೆಯ ಕೆಲಸವನ್ನು ಮತ್ತೆ ಎತ್ತಿಕೊಂಡರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ ನಡುವೆ ಅದರ ಪ್ರಯೋಗ ನಡೆಯಿತು. 1977ರಲ್ಲಿ 14 ಬಗೆಯ ನ್ಯುಮೋಕಾಕಸ್‌ಗಳ ವಿರುದ್ಧದ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು.

ಯಾರಿಗೆ ಅಪಾಯ ಎಂಬುದನ್ನು ಆಸ್ಟ್ರಿಯನ್ ತೋರಿಸಿದರು. ಬ್ಯಾಕ್ಟೀರಿಯಾ ಆ ಶ್ವಾಸಕೋಶದೊಳಗೆ ಹೋಗುವುದಾದರೂ ಹೇಗೆ, ಮುದುಕರಲ್ಲೇ ಯಾಕೆ ಹೆಚ್ಚು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದರ ಮೊದಲ ಎಳೆ ಸಿಕ್ಕಿದ್ದು ಟೆಕ್ಸಸ್ಸಿನ ಡಲ್ಲಾಸಿನಲ್ಲಿ. ಅಲ್ಲಿ ಆಲನ್ ಪಿಯರ್ಸ್ ಅವರ ತಂಡ 1969ರಲ್ಲೇ ಒಂದು ಸಂಗತಿ ಗಮನಿಸಿತ್ತು. ಆರೋಗ್ಯವಂತರ ಗಂಟಲಲ್ಲಿ ಅಪರೂಪವಾದ ಕೆಲವು ದುಷ್ಟ ಬ್ಯಾಕ್ಟೀರಿಯಾಗಳು, ತೀವ್ರ ಕಾಯಿಲೆಯಿಂದ ಮಲಗಿದವರ ಗಂಟಲಲ್ಲಿ ಬೀಡುಬಿಟ್ಟಿರುತ್ತವೆ. ಕಾಯಿಲೆ ಜೋರಾದಷ್ಟೂ ಬೀಡು ದೊಡ್ಡದು. ಹಾಗಾದರೆ ಗಂಟಲಲ್ಲಿರುವುದು ಶ್ವಾಸಕೋಶಕ್ಕೆ ಇಳಿಯುತ್ತದೆಯೇ? 1978ರಲ್ಲಿ ಹಕ್ಸ್‌ಲಿ ಮತ್ತು ಸಂಗಡಿಗರು, ಪಿಯರ್ಸ್ ಕೂಡ ಜೊತೆಗಿದ್ದು, ನೇರವಾಗಿ ನೋಡಲು ಒಂದು ದಾರಿ ಹುಡುಕಿದರು. ಮಲಗಿ ನಿದ್ರಿಸುತ್ತಿರುವವರ ಮೂಗಿನ ಹಿಂಭಾಗಕ್ಕೆ ಸಣ್ಣ ನಳಿಕೆಯಿಂದ, ವಿಕಿರಣ ಸೂಸುವ ಇಂಡಿಯಮ್ ಬೆರೆಸಿದ ದ್ರಾವಣವನ್ನು ಸ್ವಲ್ಪಸ್ವಲ್ಪವೇ ಬಿಟ್ಟರು. ಬೆಳಿಗ್ಗೆ ಎದೆಯ ಸ್ಕ್ಯಾನ್ ಮಾಡಿದರು. ಯಾವ ಕಾಯಿಲೆಯೂ ಇಲ್ಲದ 20 ಜನರಲ್ಲಿ 45 ಪ್ರತಿಶತ ಮಂದಿಯ ಶ್ವಾಸಕೋಶದಲ್ಲಿ ಇಂಡಿಯಮ್ ಇತ್ತು! ಎಚ್ಚರ ಮಂದವಾಗಿದ್ದ ರೋಗಿಗಳಲ್ಲಿ ಆ ಪ್ರಮಾಣ 70.

ಅಂದರೆ ಗಾಢ ನಿದ್ದೆಯಲ್ಲಿ ನಮ್ಮ ನಿಮ್ಮ ಎಂಜಲೂ ಒಂದಿಷ್ಟು ಶ್ವಾಸಕೋಶಕ್ಕೆ ಹೋಗುತ್ತಲೇ ಇರುತ್ತದೆ. ನಮಗೇನೂ ಆಗುವುದಿಲ್ಲ, ಯಾಕೆಂದರೆ ಅದು ಅತ್ಯಲ್ಪ, ಅದರಲ್ಲಿರುವ ಬ್ಯಾಕ್ಟೀರಿಯಾಗಳು ಸಾಧು, ಮತ್ತು ಒಳಗೆ ಹೋದದ್ದನ್ನು ಗುಡಿಸಿ ಮೇಲೆ ತರುವ ವ್ಯವಸ್ಥೆ ಗಟ್ಟಿಯಾಗಿದೆ. ಈ ಮೂರರಲ್ಲಿ ಒಂದೊಂದೂ ಕೆಡುತ್ತಾ ಹೋದಂತೆ ಏನಾಗುತ್ತದೆ ಎಂಬುದೇ ಮುಂದಿನ ಇಪ್ಪತ್ತು ವರ್ಷಗಳ ಹುಡುಕಾಟ.

ಆ ಹುಡುಕಾಟದ ಮುಖ್ಯ ಅಂಗಳ ಜಪಾನಿನ ಈಶಾನ್ಯದಲ್ಲಿರುವ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯ. ಹಿದೆತಾದಾ ಸಸಾಕಿ ಮತ್ತು ಕಿಯೋಹಿಸಾ ಸೆಕಿಜಾವಾ ಎಂಬ ಇಬ್ಬರು ವೈದ್ಯರು ಮತ್ತವರ ಶಿಷ್ಯರು ಅಲ್ಲಿ ಮಾಡಿದ ಪರೀಕ್ಷೆಗಳು ನೋಡಲು ಎಷ್ಟು ಸರಳವೆಂದರೆ, ಇವುಗಳಿಂದ ಇಷ್ಟು ದೊಡ್ಡ ಸಂಗತಿ ಹೊರಬಿತ್ತೇ ಎನಿಸುತ್ತದೆ.

ಮೊದಲನೆಯದು ಕೆಮ್ಮಿನ ಪರೀಕ್ಷೆ. ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲವನ್ನು ನೀರಲ್ಲಿ ಕರಗಿಸಿ, ಮಂಜಿನಂತೆ ಮಾಡಿ ಉಸಿರಿಗೆ ಕೊಡುವುದು. ಕೆಮ್ಮು ಬರದಿದ್ದರೆ ಆಮ್ಲದ ಪ್ರಮಾಣ ಇಮ್ಮಡಿ. ಆಗಲೂ ಬರದಿದ್ದರೆ ಮತ್ತೆ ಇಮ್ಮಡಿ. ಆರೋಗ್ಯವಾಗಿರುವ ವೃದ್ಧರು ಮಾಮೂಲಿನಂತೆ ಕೆಮ್ಮಿದರು. ವಯಸ್ಸಾದರೂ ಕೆಮ್ಮಿನ ಕಾವಲು ತಾನಾಗಿ ಸಡಿಲವಾಗಿರಲಿಲ್ಲ. ಆದರೆ ನ್ಯುಮೋನಿಯಾದಿಂದ ಚೇತರಿಸಿಕೊಂಡ ವೃದ್ಧರು ಹಾಗಲ್ಲ. ಬೇರೆಯವರು ಒಂದು ಕ್ಷಣವೂ ತಡೆಯಲಾರದಷ್ಟು ತೀಕ್ಷ್ಣವಾದ ಆಮ್ಲದ ಮಂಜನ್ನೂ ಅವರು ತಣ್ಣಗೆ ಉಸಿರಾಡಿಕೊಂಡು ಕೂತಿದ್ದರು. 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸೆಕಿಜಾವಾ ಇದನ್ನು ವರದಿ ಮಾಡಿದರು.

ಎರಡನೆಯದು ನುಂಗುವ ಪರೀಕ್ಷೆ. ಮೂಗಿನಿಂದ ತೆಳು ನಳಿಕೆ ಇಳಿಸಿ, ಗಂಟಲಿಗೆ ಒಂದು ಮಿಲಿಲೀಟರ್ ನೀರು ಬಿಡುವುದು, ಅಂದರೆ ಕಾಲು ಚಮಚಕ್ಕಿಂತ ಕಡಿಮೆ. ಆಮೇಲೆ ಗಡಿಯಾರ ನೋಡುವುದು. ಗಂಟಲ ಮಣಿ ಮೇಲೆದ್ದು ಇಳಿಯಲು ಎಷ್ಟು ಹೊತ್ತು? ಗಟ್ಟಿಯಾಗಿರುವವರಲ್ಲಿ ಒಂದೆರಡು ಸೆಕೆಂಡು. ನ್ಯುಮೋನಿಯಾ ಆದವರಲ್ಲಿ ಐದು ಸೆಕೆಂಡು ದಾಟಿದರೂ ಗಂಟಲು ಅಲುಗಾಡುತ್ತಿರಲಿಲ್ಲ. ಕೆಲವರಲ್ಲಿ ಇನ್ನೂ ಎಷ್ಟೋ ಹೊತ್ತು. ಉಸಿರಿನ ದಾರಿ ರೈಲ್ವೆ ಗೇಟಿನ ಹಾಗೆ: ಗುಟುಕು ಬರುವ ಮುಂಚೆ ಮುಚ್ಚಬೇಕು, ದಾಟಿದ ಮೇಲೆ ತೆರೆಯಬೇಕು. ಇವರಲ್ಲಿ ಗುಟುಕು ಬಂದು ನಿಂತು, ಗೇಟು ತೆರೆದೇ ಇರುವಾಗ ಒಳಗೆ ಸೋರಿಹೋಗುತ್ತಿತ್ತು.

ಮೂರನೆಯ ಪರೀಕ್ಷೆ ಡಲ್ಲಾಸಿನದರ ಮುಂದುವರಿಕೆ. 1994ರಲ್ಲಿ ಕಿಕುಚಿ ಮತ್ತು ಸಂಗಡಿಗರು ಇಂಡಿಯಮ್ಮನ್ನು ಪೇಸ್ಟಿನಂತೆ ಮಾಡಿ, ಮಲಗುವ ಹೊತ್ತಿಗೆ ವೃದ್ಧರ ಹಲ್ಲಿಗೆ ಹಚ್ಚಿದರು. ರಾತ್ರಿ ಅದು ಎಂಜಲಿನ ಜೊತೆ ನಿಧಾನಕ್ಕೆ ಕರಗಬೇಕು. ಬೆಳಿಗ್ಗೆ ಸ್ಕ್ಯಾನ್. ನ್ಯುಮೋನಿಯಾ ಆಗಿದ್ದ ವೃದ್ಧರಲ್ಲಿ 71 ಪ್ರತಿಶತ ಜನರ ಶ್ವಾಸಕೋಶದಲ್ಲಿ ಗುರುತು ಸಿಕ್ಕಿತು. ಅದೇ ವಯಸ್ಸಿನ, ನ್ಯುಮೋನಿಯಾ ಆಗದವರಲ್ಲಿ 10 ಪ್ರತಿಶತ ಮಾತ್ರ. ಪರೀಕ್ಷೆಗೆ ಒಳಗಾದವರು ಕೆಲವೇ ಜನ, ಇಪ್ಪತ್ತೈದಕ್ಕಿಂತ ಕಡಿಮೆ. ಆದರೂ ಅಂತರ ಇಷ್ಟು ದೊಡ್ಡದು. ಅಲ್ಲಿಯವರೆಗೆ ‘ಸೋರಿ ಬರುವ ನ್ಯುಮೋನಿಯಾ’ ಎಂದರೆ ವಾಂತಿ ಶ್ವಾಸಕೋಶಕ್ಕೆ ಹೋಗಿ ಆಗುವ ಅವಘಡ ಎಂದೇ ಹೆಚ್ಚಿನವರು ತಿಳಿದಿದ್ದರು. ಮನೆಯಲ್ಲಿ ಆರಾಮಾಗಿ ಮಲಗಿದ್ದ ಅಜ್ಜನಿಗೆ ಬಂದ ನ್ಯುಮೋನಿಯಾವೂ ಅದೇ ಜಾತಿಯದು, ಅದರ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಷ್ಟೆ ಎಂಬುದು ಈ ಸ್ಕ್ಯಾನಿನಿಂದ ತಿಳಿಯಿತು.

ಕೆಮ್ಮಿಸುವ, ನುಂಗಿಸುವ ನರಗಳು ಹೀಗೆ ಮಂಕಾಗುವುದು ಯಾಕೆ? ಸೆಂಡೈ ತಂಡದ ಉತ್ತರ ಮಿದುಳಿನ ಆಳಕ್ಕೆ ಹೋಯಿತು. ಅಲ್ಲಿ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಪುಟ್ಟಪುಟ್ಟ ಪಾರ್ಶ್ವವಾಯುಗಳು ಆಗುತ್ತವೆ. ಕೈಕಾಲು ಬೀಳುವುದಿಲ್ಲ, ಮಾತು ತೊದಲುವುದಿಲ್ಲ, ಎಷ್ಟೋ ಸಲ ಆದದ್ದೇ ತಿಳಿಯುವುದಿಲ್ಲ. ಆದರೆ ಆ ಭಾಗದಲ್ಲಿ ತಯಾರಾಗುವ ಡೋಪಮೈನ್ ಕುಗ್ಗುತ್ತದೆ. ಡೋಪಮೈನ್ ಕುಗ್ಗಿದರೆ ಗಂಟಲಿನ ನರಗಳ ತುದಿಯಲ್ಲಿ ‘ಸಬ್‌ಸ್ಟೆನ್ಸ್ ಪಿ’ ಎಂಬ ಇನ್ನೊಂದು ರಾಸಾಯನಿಕ ಕುಗ್ಗುತ್ತದೆ. ಕೆಮ್ಮನ್ನೂ ನುಂಗುವಿಕೆಯನ್ನೂ ಎಬ್ಬಿಸುವ ಸಂದೇಶವಾಹಕ ಅದು. 1995ರಲ್ಲಿ ರೋಗಿಗಳ ಕಫದಲ್ಲಿ ಅದನ್ನು ಅಳೆದಾಗ, ನ್ಯುಮೋನಿಯಾ ಆದವರಲ್ಲಿ ಅದು ನಿಜಕ್ಕೂ ಕಡಿಮೆಯಿತ್ತು.

ಇಲ್ಲಿ ಕತೆಗೆ ಒಂದು ಸೊಗಸಾದ ತಿರುವು. ಬಿ.ಪಿ.ಗೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಗಳನ್ನು ನುಂಗುವ ಕೆಲವರಿಗೆ ಬಿಡದೆ ಒಣಕೆಮ್ಮು ಬರುತ್ತದೆ. ಡಾಕ್ಟರರಿಗೆ ದೂರು ಹೇಳಿ ಮಾತ್ರೆ ಬದಲಿಸಿಕೊಂಡವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಕೆಮ್ಮು ಬರಲು ಒಂದು ಕಾರಣ, ಸಬ್‌ಸ್ಟೆನ್ಸ್ ಪಿಯನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ಕಟ್ಟಿಹಾಕುತ್ತದೆ. ಒಡೆಯದೆ ಉಳಿದ ಸಬ್‌ಸ್ಟೆನ್ಸ್ ಪಿ ಗಂಟಲಲ್ಲಿ ಶೇಖರವಾಗುತ್ತದೆ. ಎಲ್ಲರೂ ಪೀಡೆ ಎಂದುಕೊಂಡಿದ್ದ ಈ ಕೆಮ್ಮು, ಕೆಮ್ಮೇ ಇಲ್ಲದವರಿಗೆ ವರವಾಗಬಹುದಲ್ಲ ಎಂದು ಸೆಕಿಜಾವಾ ಯೋಚಿಸಿದರು. ಪಾರ್ಶ್ವವಾಯು ಆಗಿದ್ದ ಬಿ.ಪಿ. ರೋಗಿಗಳನ್ನು ಎರಡು ವರ್ಷ ಗಮನಿಸಿ 1998ರಲ್ಲಿ ವರದಿ ಮಾಡಿದರು: ಈ ಗುಂಪಿನ ಮಾತ್ರೆ ತೆಗೆದುಕೊಂಡವರಲ್ಲಿ 7 ಪ್ರತಿಶತ ಜನರಿಗೆ ನ್ಯುಮೋನಿಯಾ ಬಂದಿತ್ತು, ತೆಗೆದುಕೊಳ್ಳದವರಲ್ಲಿ 18 ಪ್ರತಿಶತ. ಮುಂದೆ ಹಲವು ದೇಶಗಳ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಅಂಕಿಗಳನ್ನು 2004ರಲ್ಲಿ ಜಾಲಾಡಿದಾಗ, ಏಷ್ಯಾದವರಲ್ಲಿ ಈ ಲಾಭ ಎದ್ದು ಕಂಡಿತು, ಉಳಿದವರಲ್ಲಿ ಅಷ್ಟಾಗಿ ಕಾಣಲಿಲ್ಲ. ಹಾಗಾಗಿ ನ್ಯುಮೋನಿಯಾ ತಡೆಯಲೆಂದೇ ಈ ಮಾತ್ರೆ ಶುರುಮಾಡುವ ಪದ್ಧತಿ ಎಲ್ಲೂ ನೆಲೆಯೂರಿಲ್ಲ.

ಸೆಂಡೈ ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಕೂಡ ನರದ ತುದಿಯಿಂದ ಸಬ್‌ಸ್ಟೆನ್ಸ್ ಪಿಯನ್ನು ಹೊರಡಿಸುತ್ತದೆ. ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಗಂಟಲಿಗೆ ಬಿಟ್ಟಾಗ ನುಂಗುವುದು ಚುರುಕಾಯಿತು ಎಂದು 1993ರಲ್ಲೇ ಕಂಡಿದ್ದರು. 2006ರಲ್ಲಿ ಎಬಿಹಾರಾ ಮತ್ತು ಸಂಗಡಿಗರು ಕಾಳುಮೆಣಸಿನ ಎಣ್ಣೆಯನ್ನು ಹಿಡಿದರು. ವೃದ್ಧಾಶ್ರಮದ ನಿವಾಸಿಗಳು ಪ್ರತಿ ಊಟಕ್ಕೆ ಮೊದಲು ಒಂದು ನಿಮಿಷ ಅದರ ವಾಸನೆ ತೆಗೆದುಕೊಳ್ಳಬೇಕು, ತಿಂಗಳ ಕಾಲ. ಬೇರೆ ಎರಡು ಗುಂಪುಗಳಿಗೆ ಲ್ಯಾವೆಂಡರ್ ಮತ್ತು ಬರೀ ನೀರು. ಮೆಣಸಿನ ಗುಂಪಿನಲ್ಲಿ ನುಂಗಲು ಹಿಡಿಯುವ ಸಮಯ ಇಳಿಯಿತು. ನೀರು ಮೈಯ ಬಿಸಿಗಿಂತ ಚೆನ್ನಾಗಿ ತಣ್ಣಗೋ ಬೆಚ್ಚಗೋ ಇದ್ದರೆ ಗಂಟಲು ಬೇಗ ಎಚ್ಚರಗೊಳ್ಳುತ್ತದೆ, ಉಗುರುಬೆಚ್ಚಗಿನ ನೀರಿಗೆ ಅಷ್ಟು ಬೇಗ ಅಲ್ಲ ಎಂಬುದನ್ನೂ ಅಲ್ಲಿಯೇ ಕಂಡುಕೊಂಡರು. ಭಾರತದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ರಾಜ್ಯ ನಮ್ಮದು. ಊಟಕ್ಕೆ ಮುಂಚೆ ಮೆಣಸಿನ ಸಾರಿನ ಘಮ ಮೂಗಿಗೆ ಬಡಿಯುವ ಮನೆಗಳಲ್ಲಿ ಇಂಥದ್ದೊಂದು ಅಧ್ಯಯನ ನಡೆಯಲಿ ಎಂಬ ಆಸೆ ನನಗಿದೆ.

ಇಷ್ಟರಲ್ಲಿ ಬಾಗಿಲ ಕತೆಯಾಯಿತು. ಒಳಗಿಳಿಯುವ ಎಂಜಲಿನಲ್ಲಿ ಏನಿದೆ ಎಂಬ ಇನ್ನರ್ಧ ಕತೆಗೆ ಅಮೆರಿಕದ ಮಿಷಿಗನ್ನಿನ ಆನ್ ಆರ್ಬರ್‌ಗೆ ಹೋಗಬೇಕು. ಅಲ್ಲಿನ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಸೂಸನ್ ಲ್ಯಾಂಗ್‌ಮೋರ್ ನುಂಗಲು ಕಷ್ಟಪಡುವವರನ್ನು ನೋಡುತ್ತಿದ್ದರು. ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ, ನುಂಗುವುದನ್ನು ಕಣ್ಣಾರೆ ನೋಡುವ ವಿಧಾನವನ್ನು 1988ರಲ್ಲಿ ಮುಂದಿಟ್ಟವರೂ ಅವರೇ. ಅವರನ್ನು ಕಾಡಿದ ಸಂಗತಿ ಇದು: ಕ್ಯಾಮೆರಾದಲ್ಲಿ ನೋಡಿದರೆ ಊಟ ತಪ್ಪು ದಾರಿಗೆ ಹೋಗುವುದು ಸ್ಪಷ್ಟ, ಆದರೂ ಕೆಲವರಿಗೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಇನ್ನು ಕೆಲವರಿಗೆ ಮತ್ತೆಮತ್ತೆ ನ್ಯುಮೋನಿಯಾ. ವ್ಯತ್ಯಾಸ ಎಲ್ಲಿದೆ?

ಅವರು 189 ವೃದ್ಧರನ್ನು ಆರಿಸಿಕೊಂಡು, ನಾಲ್ಕು ವರ್ಷದವರೆಗೆ ಬೆನ್ನುಹತ್ತಿದರು. ನುಂಗುವುದನ್ನು ನೋಡಿದ್ದು ಮಾತ್ರವಲ್ಲ, ಹಲ್ಲು ಎಣಿಸಿದರು, ಹುಳುಕು ಹಿಡಿದವೆಷ್ಟು ಎಂದು ಬರೆದುಕೊಂಡರು, ಯಾರು ತಾವೇ ಉಣ್ಣುತ್ತಾರೆ, ಯಾರಿಗೆ ಇನ್ನೊಬ್ಬರು ಉಣಿಸಬೇಕು ಎಂಬುದನ್ನೂ ಬಿಡಲಿಲ್ಲ. 1998ರಲ್ಲಿ ಫಲಿತಾಂಶ ಬಂದಾಗ ಅವರ ಕ್ಷೇತ್ರದವರೇ ಬೆರಗಾಗುವಂತಿತ್ತು. ನುಂಗುವ ತೊಂದರೆ ಮುಖ್ಯವೇ, ಆದರೆ ಅದೊಂದೇ ಸಾಲದು. ನ್ಯುಮೋನಿಯಾವನ್ನು ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚಿಸಿದ್ದು, ಊಟಕ್ಕಾಗಿ ಇನ್ನೊಬ್ಬರ ಕೈಯನ್ನು ನೆಚ್ಚಿರುವುದು. ಅದರ ಜೊತೆಗೆ, ಬಾಯಿ ಸ್ವಚ್ಛ ಮಾಡಲು ಇನ್ನೊಬ್ಬರು ಬೇಕಾಗಿರುವುದು, ಹುಳುಕುಹಲ್ಲುಗಳ ಸಂಖ್ಯೆ, ನಳಿಕೆಯಿಂದ ಆಹಾರ, ಒಂದಕ್ಕಿಂತ ಹೆಚ್ಚು ಕಾಯಿಲೆ, ನುಂಗುವ ಮಾತ್ರೆಗಳ ಸಂಖ್ಯೆ, ಸಿಗರೇಟು. ಈ ಪಟ್ಟಿಯಲ್ಲಿ ವಯಸ್ಸು ಇರಲಿಲ್ಲ.

ಈ ಪಟ್ಟಿಯನ್ನು ಓದಿದಾಗೆಲ್ಲ ನನಗೆ ನಮ್ಮ ಮನೆಗಳೇ ಕಣ್ಣಮುಂದೆ ಬರುತ್ತವೆ. ತಾವೇ ಉಣ್ಣುವವರು ತುತ್ತು ಬಾಯಿಗೆ ಬರುವ ಮುಂಚೆಯೇ ಸಿದ್ಧರಾಗಿರುತ್ತಾರೆ. ನುಂಗಿದ ಮೇಲೆಯೇ ಮುಂದಿನ ತುತ್ತಿಗೆ ಕೈ ಹೋಗುತ್ತದೆ. ಉಣಿಸುವವರ ಕೈಗೆ ಆ ಲಯ ಗೊತ್ತಾಗುವುದಿಲ್ಲ. ಪ್ರೀತಿ ಇದ್ದರೂ ಅವಸರ ಇರುತ್ತದೆ. ಮಲಗಿದಲ್ಲೇ ತಲೆಯ ಕೆಳಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ಗಂಜಿಯನ್ನೋ ರಾಗಿ ಅಂಬಲಿಯನ್ನೋ ಚಮಚದಲ್ಲಿ ಹುಯ್ಯುತ್ತೇವೆ. ಹಿಂದಿನ ಚಮಚದ್ದು ಇನ್ನೂ ಕೆನ್ನೆಯಲ್ಲೇ ಉಳಿದಿರುತ್ತದೆ. ‘ಇನ್ನೊಂದೇ ಒಂದು’ ಎಂದು ಮತ್ತೊಂದು ಹಾಕುತ್ತೇವೆ. ಉಂಡ ಕೂಡಲೇ ಹಾಗೇ ಮಲಗಿಸುತ್ತೇವೆ. ನೆತ್ತಿಗೆ ಹತ್ತಿದರೆ ಕೆಮ್ಮುತ್ತಾರೆ ಬಿಡಿ ಎಂಬ ಧೈರ್ಯ ನಮ್ಮದು; ಆ ಕೆಮ್ಮೇ ಹೊರಟುಹೋಗಿರಬಹುದು ಎಂದು ಯಾರೂ ನಮಗೆ ಹೇಳಿರುವುದಿಲ್ಲ. ಮೂಗಿಗೆ ಟ್ಯೂಬ್ ಹಾಕಿದ ಮೇಲಂತೂ ಇನ್ನು ಭಯವಿಲ್ಲ ಎಂದುಕೊಳ್ಳುವವರಿದ್ದಾರೆ. ಟ್ಯೂಬು ಗಂಜಿಯನ್ನು ಹೊಟ್ಟೆಗೆ ಮುಟ್ಟಿಸುತ್ತದೆ, ಎಂಜಲಿನ ಸೋರಿಕೆಯನ್ನು ತಡೆಯುವುದಿಲ್ಲ. ಅಷ್ಟೇ ಅಲ್ಲ, ಬಾಯಿಂದ ಏನೂ ತಿನ್ನದವರ ಬಾಯಿ ಇನ್ನೂ ಬೇಗ ಕೊಳೆಯುತ್ತದೆ. ಅಗಿಯುವುದಿಲ್ಲ, ಎಂಜಲು ಹರಿಯುವುದಿಲ್ಲ, ನಾಲಿಗೆಯ ಮೇಲೆ ದಪ್ಪಗೆ ಪದರ ಕಟ್ಟುತ್ತದೆ. ‘ಊಟವೇ ಮಾಡಲ್ವಲ್ಲ, ಹಲ್ಲೇನು ಉಜ್ಜೋದು’ ಎಂದು ಮನೆಯವರು ಬ್ರಷ್ ಎತ್ತಿಡುತ್ತಾರೆ.

ಆ ಬ್ರಷ್ಷನ್ನು ಮತ್ತೆ ಕೆಳಗಿಳಿಸಿದ್ದು ಜಪಾನಿನ ಶಿಜುಓಕಾ ಪ್ರಾಂತದ ದಂತವೈದ್ಯ ತಾಕೆಯೋಶಿ ಯೋನೆಯಾಮಾ. ಸಸಾಕಿ ಅವರೂ ಜೊತೆಗೂಡಿದರು. ಅವರು ಎತ್ತಿದ ಪ್ರಶ್ನೆ ಬಹಳ ನೇರ: ಸೋರುವುದನ್ನು ನಿಲ್ಲಿಸಲಾಗದಿದ್ದರೆ, ಸೋರುವುದನ್ನಾದರೂ ಶುಚಿ ಮಾಡಬಹುದಲ್ಲವೇ? 11 ವೃದ್ಧಾಶ್ರಮಗಳ 417 ನಿವಾಸಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲಿನಂತೆಯೇ, ಹಲ್ಲುಜ್ಜಿದರೆ ಉಜ್ಜಿದರು, ಇಲ್ಲವಾದರೆ ಇಲ್ಲ. ಇನ್ನೊಂದು ಗುಂಪಿನವರಿಗೆ ಪ್ರತಿ ಊಟದ ನಂತರ ನರ್ಸ್ ಅಥವಾ ಆಯಾ ಬಂದು ಹಲ್ಲುಜ್ಜಬೇಕು, ಐದು ನಿಮಿಷದಷ್ಟು. ಹಲ್ಲಷ್ಟೇ ಅಲ್ಲ, ವಸಡು, ನಾಲಿಗೆ, ಅಂಗುಳನ್ನೂ. ಅಗತ್ಯ ಬಿದ್ದಲ್ಲಿ ಅಯೋಡಿನ್ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ವಾರಕ್ಕೊಮ್ಮೆ ದಂತವೈದ್ಯರೋ ಅವರ ಸಹಾಯಕರೋ ಬಂದು ಬಾಯಿ ನೋಡಬೇಕು. ಹೀಗೆ ಎರಡು ವರ್ಷ.

1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪುಟ್ಟ ವರದಿ ಬಂತು, 2002ರಲ್ಲಿ ಪೂರ್ಣ ಲೇಖನ. ಕೊನೆಯವರೆಗೆ ಲೆಕ್ಕಕ್ಕೆ ಸಿಕ್ಕವರು 366 ಜನ. ಮೊದಲಿನಂತೆಯೇ ಬಿಟ್ಟ 182 ಜನರಲ್ಲಿ 34 ಮಂದಿಗೆ ನ್ಯುಮೋನಿಯಾ ಬಂದಿತ್ತು. ಬಾಯಿ ಶುಚಿಮಾಡಿದ 184 ಜನರಲ್ಲಿ 21. ಅದಕ್ಕಿಂತ ಮುಖ್ಯವಾದದ್ದು ಸಾವಿನ ಲೆಕ್ಕ. ನ್ಯುಮೋನಿಯಾದಿಂದ ಸತ್ತವರು ಮೊದಲ ಗುಂಪಿನಲ್ಲಿ 30, ಎರಡನೆಯದರಲ್ಲಿ 14. ಕಾಯಿಲೆ ಬರುವುದು ಮಾತ್ರವಲ್ಲ, ಬಂದದ್ದು ತೀವ್ರವಾಗುವುದನ್ನೂ ಬ್ರಷ್ ತಗ್ಗಿಸಿದಂತೆ ಕಂಡಿತು. ಹಲ್ಲೇ ಇಲ್ಲದವರಲ್ಲೂ ಲಾಭ ಕಂಡದ್ದು ಎಲ್ಲರನ್ನೂ ಯೋಚನೆಗೆ ಹಚ್ಚಿತು. ಅದಕ್ಕೊಂದು ವಿವರಣೆ ಆಮೇಲೆ ಸಿಕ್ಕಿತು: ತಿಂಗಳ ಕಾಲ ದಿನಾ ಬಾಯಿ ಉಜ್ಜಿಸಿಕೊಂಡವರಲ್ಲಿ ನುಂಗುವ ಸಮಯವೇ ಕಡಿಮೆಯಾಯಿತು, ಕೆಮ್ಮಿನ ಸೂಕ್ಷ್ಮತೆಯೂ ಸುಧಾರಿಸಿತು. ಬ್ರಷ್ಷಿನ ಎಳೆಗಳು ಕೊಳೆ ತೆಗೆಯುವುದರ ಜೊತೆಗೆ ಮಂಕಾದ ನರಗಳನ್ನೂ ತಟ್ಟಿ ಎಬ್ಬಿಸುತ್ತಿದ್ದವು.

ಜಪಾನ್ ಇದನ್ನು ಗಂಭೀರವಾಗಿ ತೆಗೆದುಕೊಂಡಿತು, ತೆಗೆದುಕೊಳ್ಳಲೇಬೇಕಿತ್ತು. 2011ರಲ್ಲಿ ಅಲ್ಲಿ ನ್ಯುಮೋನಿಯಾ ಪಾರ್ಶ್ವವಾಯುವನ್ನು ಹಿಂದಿಕ್ಕಿ ಸಾವಿನ ಮೂರನೆಯ ದೊಡ್ಡ ಕಾರಣವಾಯಿತು. 2017ರಿಂದ ಅಲ್ಲಿನ ಸರ್ಕಾರ ಸೋರಿಕೆಯ ನ್ಯುಮೋನಿಯಾವನ್ನು ಸಾವಿನ ಲೆಕ್ಕದಲ್ಲಿ ಬೇರೆಯಾಗಿಯೇ ಬರೆಯುತ್ತಿದೆ.

ಇದೇ ಅವಧಿಯಲ್ಲಿ ಬೇರೊಂದು ಪ್ರಶ್ನೆಯ ಬೆನ್ನು ಹತ್ತಿದವರಿದ್ದರು: ನ್ಯುಮೋನಿಯಾ ಬಂದಾಗಿದೆ, ಇವರಲ್ಲಿ ಯಾರು ಸಾವಿನ ಹತ್ತಿರವಿದ್ದಾರೆ? ಅಮೆರಿಕದಲ್ಲಿ ಮೈಕೆಲ್ ಫೈನ್ 1997ರಲ್ಲಿ ಅಂಕ ಕೊಡುವ ಒಂದು ವಿಧಾನ ತಂದರು. ಅದರಲ್ಲಿ ಪ್ರತಿ ವರ್ಷದ ವಯಸ್ಸಿಗೂ ಒಂದೊಂದು ಅಂಕ. ಎಪ್ಪತ್ತೈದರ ಗಂಡಸು ಬಾಗಿಲಿಗೆ ಬರುವಾಗಲೇ 75 ಅಂಕ ಹೊತ್ತು ಬರುತ್ತಾನೆ. ನರ್ಸಿಂಗ್ ಹೋಮ್ ವಾಸಿಯಾದರೆ ಇನ್ನೂ ಹತ್ತು. 2003ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವೇ ಶೆನ್ ಲಿಮ್ ಮತ್ತು ಸಂಗಡಿಗರು ಬ್ರಿಟನ್, ನ್ಯೂಜಿಲೆಂಡ್, ನೆದರ್ಲೆಂಡ್ಸ್‌ನ ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಜೋಡಿಸಿ, ಅದನ್ನು ಐದೇ ಪ್ರಶ್ನೆಗೆ ಇಳಿಸಿದರು. ಗೊಂದಲ ಇದೆಯೇ? ರಕ್ತದಲ್ಲಿ ಯೂರಿಯಾ ಏರಿದೆಯೇ? ನಿಮಿಷಕ್ಕೆ ಉಸಿರು 30 ಅಥವಾ ಅದಕ್ಕೂ ಹೆಚ್ಚೇ? ಬಿ.ಪಿ. ಕುಸಿದಿದೆಯೇ? 65 ಆಗಿದೆಯೇ? ಐದರಲ್ಲಿ ವಯಸ್ಸಿಗೆ ಒಂದೇ ಅಂಕ. ಇದನ್ನು ‘ಕರ್ಬ್-65’ ಎಂದು ಕರೆಯುತ್ತಾರೆ, ಜಗತ್ತಿನ ಬಹಳಷ್ಟು ತುರ್ತು ವಿಭಾಗಗಳಲ್ಲಿ ಬಳಸುತ್ತಾರೆ.

ವಯಸ್ಸಿನದನ್ನು ಬಿಟ್ಟರೂ ಇದರಲ್ಲಿ ಇನ್ನೆರಡು ಪ್ರಶ್ನೆಗಳಿಗೆ, ಗೊಂದಲ ಮತ್ತು ಉಸಿರಿನದಕ್ಕೆ, ಮನೆಯಲ್ಲೇ ಉತ್ತರ ಸಿಗುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ವಯಸ್ಸಾದವರ ನ್ಯುಮೋನಿಯಾ ಜ್ವರ, ಕೆಮ್ಮು ಎಂದು ಸಾರಿಕೊಂಡು ಬರುವುದಿಲ್ಲ. ಮೈ ಬಿಸಿಯೇ ಇರುವುದಿಲ್ಲ ಎಷ್ಟೋ ಸಲ. ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜಿ ಇವತ್ತು ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಾಳೆ, ಊಟ ಬೇಡ ಎನ್ನುತ್ತಾಳೆ, ಬಚ್ಚಲಿಗೆ ಹೋಗುವಾಗ ಜಾರುತ್ತಾಳೆ. ‘ಅರಳು ಮರಳು’ ಎಂದು ಬಿಟ್ಟುಬಿಡುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ. ಹೊಟ್ಟೆಯ ಏರಿಳಿತ ನೋಡುತ್ತಾ ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರೆ ವಿಷಯ ತಿಳಿಯುತ್ತದೆ. ಇಪ್ಪತ್ತೈದು ದಾಟಿದರೆ ಬೆಳಗಾಗಲಿ ಎಂದು ಕಾಯುವ ಹೊತ್ತಲ್ಲ ಅದು.

ಯೋನೆಯಾಮಾ ಅವರ ಫಲಿತಾಂಶ ಎಲ್ಲ ಕಡೆಯೂ ಹಾಗೇ ಮರುಕಳಿಸಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಮನೀಷಾ ಜುಠಾಣಿ-ಮೆಹ್ತಾ ಮತ್ತು ಸಂಗಡಿಗರ ತಂಡ ನ್ಯೂ ಹೇವನ್ ಸುತ್ತಲಿನ ನರ್ಸಿಂಗ್ ಹೋಮುಗಳ 613 ನಿವಾಸಿಗಳನ್ನು ಗಮನಿಸಿ, ನಾವು ಬದಲಿಸಬಹುದಾದ ಎರಡು ಅಪಾಯಗಳನ್ನು ಹೆಕ್ಕಿತ್ತು. ಬಾಯಿಯ ಆರೈಕೆ ಸಾಲದಿರುವುದು ಮತ್ತು ನುಂಗುವ ಕಷ್ಟ, ಮತ್ತೆ ಅವೇ ಎರಡು. ಆ ಧೈರ್ಯದ ಮೇಲೆ 36 ನರ್ಸಿಂಗ್ ಹೋಮುಗಳಲ್ಲಿ 834 ಜನರ ಮೇಲೆ ದೊಡ್ಡ ಪ್ರಯೋಗ ನಡೆಯಿತು: ಹಲ್ಲುಜ್ಜುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದಿಂದ ಬಾಯಿ ಶುಚಿ, ಉಣ್ಣುವಾಗ ನೆಟ್ಟಗೆ ಕೂರಿಸುವುದು. ಲಾಭ ಕಾಣಲಿಲ್ಲ. ಮುಂದುವರಿಸಿದರೂ ಪ್ರಯೋಜನವಿಲ್ಲ ಎಂದು ಅರ್ಧದಲ್ಲೇ ನಿಲ್ಲಿಸಿ, 2015ರಲ್ಲಿ ಹಾಗೆಂದೇ ಪ್ರಕಟಿಸಿದರು.

ಹಾಗಾದರೆ ಸೆಂಡೈ, ಶಿಜುಓಕಾಗಳ ಕೆಲಸ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಸೋರಿಕೆ ಸುಳ್ಳಲ್ಲ, ಅದನ್ನು ಸ್ಕ್ಯಾನ್ ತೋರಿಸಿದೆ. ಪ್ರಶ್ನೆ ಇರುವುದು ಆ ಬ್ರಷ್ ನಿಜಕ್ಕೂ ಎಷ್ಟು ಸಲ, ಎಷ್ಟು ಚೆನ್ನಾಗಿ ಬಾಯಿಗೆ ಹೋಯಿತು ಎಂಬುದರಲ್ಲಿ. ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ನಾರ್ತ್ ಕೆರೊಲಿನಾದ ಶೆರಿಲ್ ಝಿಮ್ಮರ್‌ಮನ್ ಅವರ ಪ್ರಯೋಗ, 2020ರದ್ದು. 14 ನರ್ಸಿಂಗ್ ಹೋಮುಗಳು, 2,000ಕ್ಕೂ ಹೆಚ್ಚು ನಿವಾಸಿಗಳು. ಮರೆವಿನ ಕಾಯಿಲೆಯಿಂದ ಬಾಯಿ ತೆರೆಯಲೊಪ್ಪದವರ, ಕೈ ತಳ್ಳಿಬಿಡುವವರ ಹಲ್ಲನ್ನೂ ಜಗಳವಿಲ್ಲದೆ ಉಜ್ಜುವುದು ಹೇಗೆಂದು ಆಯಾಗಳಿಗೆ ಕಲಿಸಿದರು: ಮುಂದೆ ನಿಂತು ನುಗ್ಗದೆ ಪಕ್ಕದಲ್ಲಿ ಕೂರುವುದು, ಮಾಡುವುದನ್ನು ಹೇಳಿ ಮಾಡುವುದು, ಬೇಡವೆಂದರೆ ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಬರುವುದು. ಮೊದಲ ವರ್ಷ ನ್ಯುಮೋನಿಯಾ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಿತು. ಎರಡನೆಯ ವರ್ಷ ಆ ಲಾಭ ಕರಗಿಹೋಯಿತು. ತರಬೇತಿಯ ಕಾವು ಆರಿ, ಉಜ್ಜುವ ಕೆಲಸ ಮತ್ತೆ ಉಳಿದೆಲ್ಲ ಕೆಲಸಗಳ ಅಡಿಗೆ ಸೇರಿತ್ತು. ಬಾಯಿಯ ಆರೈಕೆಯನ್ನೇ ಹೊಣೆಯಾಗಿ ಹೊತ್ತ, ಬೇರೆ ಕೆಲಸಕ್ಕೆ ಎಳೆಯದ ಒಬ್ಬರು ಪ್ರತಿ ನರ್ಸಿಂಗ್ ಹೋಮಿನಲ್ಲೂ ಇರಬೇಕು ಎಂಬ ಬೇಡಿಕೆಯನ್ನು ಸಂಶೋಧಕರು ಈಗ ಮುಂದಿಟ್ಟಿದ್ದಾರೆ.